ಬ್ರೈನ್ ಟ್ಯೂಮರ್ ಆಪರೇಷನ್‌ಗೆ ಹೋಗೋ ಮುಂಚೆ ಎಂಆರ್‌ಐ ಹೆಂಗ ಮಾಡಿಸ್ಬೇಕು, ಸಿಡಿ ಹೆಂಗ ಒಯ್ಯಬೇಕು

ಕೊಪ್ಪಳ, ಬಳ್ಳಾರಿ ಕಡೆಯಿಂದ ತಲಿ ಗಡ್ಡಿ ಆಪರೇಷನ್ ಅಂತ ಬೆಂಗಳೂರಿಗೆ ಹೊಂಟ ಮಂದೀನ ನೋಡ್ರಿ, ದೊಡ್ಡ ಕವರ್‌ನಾಗ ಕರೇ ಫಿಲಂ ಇರ್ತಾವ, ಮಡಚಬಾರ್ದು ಅಂತ ಹಂಪಿ ಎಕ್ಸ್‌ಪ್ರೆಸ್‌ನಾಗ ರಾತ್ರಿಪೂರಾ ಎದಿಗೆ ಅವಚ್ಕೊಂಡು ಕುಂತಿರ್ತಾರ. ರಾಯಚೂರಿನವ್ರು ಹೈದ್ರಾಬಾದ್‌ಗೆ ಹೋದ್ರೂ ಅದೇ ಕತಿ. ಡಾಕ್ಟ್ರು ಕಣ್ಣಿಲೆ ನೋಡಾಕ ಫಿಲಂ ಬೇಕು ಖರೆ, ಆದ್ರ ಥಿಯೇಟರ್‌ನಾಗ ಗಡ್ಡಿ ಎಲ್ಲಿ ಅದ ಅಂತ ಸರ್ಜನ್‌ಗೆ ಸ್ಕ್ರೀನ್ ಮ್ಯಾಲೆ ದಾರಿ ತೋರ್ಸೋ ನ್ಯಾವಿಗೇಷನ್ ಮಷೀನ್ ಇರ್ತದಲ್ಲ, ಅದು ಫಿಲಂ ಓದಂಗಿಲ್ಲ, ಅದಕ್ಕ ಬೇಕಾಗಿದ್ದು ಸಿಡಿ ಒಳಗಿನ ಡೇಟಾ, ಅದೂ ಹೆಂಗೆಂಗೋ ತೆಗೆದಿದ್ದಲ್ಲ. ನಾನು ಎಂಆರ್‌ಐ ರೂಮಿನಾಗ ಕೆಲಸ ಮಾಡೋನು, ಇಲ್ಲಿ ತೆಗೆದ ಸ್ಕ್ಯಾನ್ ಅಲ್ಲಿ ನಡಿಯಂಗಿಲ್ಲ ಅಂತ ಎರಡನೇ ಸಲ ರೊಕ್ಕ ಕಟ್ಟೋರು ಎಷ್ಟೋ ಮಂದಿ ಅದಾರ, ಅದಕ್ಕ ಇದನ್ನ ಬರ್ಯಾಕತ್ತೀನಿ.

ಒಂದು ಮಾತು ಮೊದ್ಲ ಹೇಳಿಬಿಡ್ತೀನಿ. ಪೇಷಂಟ್‌ಗೆ ಒಂದೇ ಸವನ ವಾಂತಿ ಆಗಾಕತ್ತಿದ್ರ, ಮಂಪರು ಹತ್ತಿದ್ರ, ಫಿಟ್ಸ್ ಮ್ಯಾಲೆ ಫಿಟ್ಸ್ ಬರ್ತಿದ್ರ ಈ ಸ್ಕ್ಯಾನ್ ಪ್ರೋಟೊಕಾಲ್ ಎಲ್ಲಾ ಬಿಟ್ಟು ಸೀದಾ ಹತ್ರದ ದೊಡ್ಡ ಆಸ್ಪತ್ರಿಗೆ ಹೋಗ್ರಿ, ರಾಯಚೂರಿನಾಗ ರಿಮ್ಸ್, ಬಳ್ಳಾರಿಯಾಗ ವಿಮ್ಸ್ (ಈಗ ಅದಕ್ಕ ಬಿಎಂಸಿಆರ್‌ಸಿ ಅಂತ ಹೆಸ್ರು), ಯಾವುದು ಹತ್ರ ಅದ ಅದಕ್ಕ. ಮಿದುಳಿನ ಬಾವು ಇಳಿಸೋ ಔಷಧ ಮೊದ್ಲ ಬೀಳ್ಬೇಕು. ಬಿಪಿಎಲ್ ಕಾರ್ಡ್‌ನವ್ರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಮನಿಗೆ ವರ್ಷಕ್ಕ 5 ಲಕ್ಷದ ತನಕ ಅದ, ಆದ್ರ ಇಂಥ ದೊಡ್ಡ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರಿ ರೆಫರಲ್ ಕೇಳ್ತಾರ, ಹೆಂಗೂ ಅಲ್ಲಿಗೆ ಹೋಗಿರ್ತೀರಿ, ಆ ಚೀಟಿ ಅವತ್ತೇ ಬರೆಸ್ಕೊಳ್ರಿ.

ಈಗ ಸ್ಕ್ಯಾನ್ ವಿಷಯ. ತಲಿನೋವು ಅಂತ ಮೊದಲ್ನೇ ಸಲ ಮಾಡೋ ಮಾಮೂಲಿ ಎಂಆರ್‌ಐನಾಗ ಒಂದೊಂದು ಸ್ಲೈಸ್ 5 ಮಿಲಿಮೀಟರ್ ದಪ್ಪ ಇರ್ತದ, ನಡುವೆ ಸ್ವಲ್ಪ ಗ್ಯಾಪ್ ಬ್ಯಾರೆ. ಗಡ್ಡಿ ಅದನೋ ಇಲ್ಲೋ ಅಂತ ನೋಡಾಕ ಅಷ್ಟು ಸಾಕು. ನ್ಯಾವಿಗೇಷನ್‌ಗೆ ಸಾಲಂಗಿಲ್ಲ, ಅದಕ್ಕ ಕಾಂಟ್ರಾಸ್ಟ್ ಇಂಜೆಕ್ಷನ್, ಅಂದ್ರ ಗಡ್ಡಿ ಎದ್ದು ಕಾಣಂಗ ಮಾಡೋ ಔಷಧ, ಕೊಟ್ಟು ತ್ರೀಡಿ ಟಿ1 ಅಂತ ತೆಗಿಬೇಕು, ಸ್ಲೈಸ್ ಒಂದು ಮಿಲಿಮೀಟರ್, ಗ್ಯಾಪ್ ಇರಬಾರ್ದು. ಸೀಮೆನ್ಸ್ ಮಷೀನ್‌ನಾಗ ಇದಕ್ಕ ಎಂಪಿರೇಜ್ ಅಂತಾರ, ಜಿಇನಾಗ ಬ್ರಾವೋ, ಹೆಸ್ರು ಯಾವುದಾದ್ರೂ ಕೆಲಸ ಒಂದೇ. ಕಾಂಟ್ರಾಸ್ಟ್ ಹಿಡಿಲಾರದ ಗಡ್ಡಿ ಇದ್ರ, ಅಂದ್ರ ಮಿದುಳಿನ ಒಳಗೇ ಹುಟ್ಟಿ ನಿಧಾನ ಬೆಳೆಯೋ ಗ್ಲಯೋಮಾದಂಥವು, ತ್ರೀಡಿ ಫ್ಲೇರ್ ಅನ್ನೋ ಇನ್ನೊಂದು ಥರದ ಚಿತ್ರ ಸುದ್ದಾ ಬೇಕಾಗ್ತದ, ಯಾಕಂದ್ರ ಅದರ ಅಂಚು ಕಾಣೋದು ಅದ್ರಾಗೇ.

ಹಂಗಂತ ಇದನ್ನ ಊರಾಗೇ ಮಾಡಿಸಿಬಿಡೋಣ ಅಂತ ಓಡಬ್ಯಾಡ್ರಿ. ಆಪರೇಷನ್ ಮಾಡೋ ಆಸ್ಪತ್ರಿಯಾಗ ಮೊದ್ಲ ಕೇಳ್ರಿ, "ನ್ಯಾವಿಗೇಷನ್ ಸ್ಕ್ಯಾನ್ ನೀವೇ ಮಾಡ್ತೀರೇನ್ರಿ, ಹೊರಗಿಂದು ನಡಿತದೇನ್ರಿ?" ಅಂತ. ಭಾಳ ಕಡೆ ಆಪರೇಷನ್ ಹಿಂದಿನ ದಿನಾನೋ ಅವತ್ತು ಮುಂಜಾನೇನೋ ತಾವೇ ಮಾಡ್ತಾರ. ಹೊರಗಿಂದು ನಡಿತದ ಅಂದ್ರ ಯಾವ್ಯಾವ ಸೀಕ್ವೆನ್ಸ್ (ಮ್ಯಾಲೆ ಹೇಳಿದಂಥ ಚಿತ್ರದ ಥರ) ಬೇಕು ಅಂತ ಚೀಟಿಯಾಗ ಬರೆಸ್ಕೊಂಡು ಬಂದು ಸ್ಕ್ಯಾನ್ ಸೆಂಟರ್‌ನಾಗ ಕೊಡ್ರಿ. ತಿಂಗಳುಗಟ್ಟಲೆ ಹಳೇ ಸ್ಕ್ಯಾನ್ ಆಗಂಗಿಲ್ಲ, ಗಡ್ಡಿ ಬೆಳ್ದಿರ್ತದ, ಸ್ಟಿರಾಯ್ಡ್ ತಗೊಂಡಿದ್ರ ಬಾವು ಇಳಿದು ಒಳಗಿನ ಜಾಗಾನೇ ಸರಿದಿರ್ತದ.

ಸ್ಕ್ಯಾನ್ ದಿನ ಏನ್ಮಾಡ್ಬೇಕು ಅಂದ್ರ, ಕ್ರಿಯಾಟಿನಿನ್ ಅನ್ನೋ ರಕ್ತ ಪರೀಕ್ಷೆ ರಿಪೋರ್ಟ್ ಕೈಯಾಗ ಇರ್ಲಿ, ಕಿಡ್ನಿ ಸರಿ ಅದನೋ ಇಲ್ಲೋ ನೋಡಿ ಕಾಂಟ್ರಾಸ್ಟ್ ಕೊಡ್ತಾರ. ತಾಳಿ, ಕಾಲುಂಗುರ, ಮೂಗುಬೊಟ್ಟು, ಉಡದಾರ, ತೋಳಿನ ತಾಯತ, ಎಲ್ಲಾ ಮನ್ಯಾಗೇ ತೆಗೆದು ಬರ್ರಿ. ತಾಳಿ ತೆಗಿಯಾಕ ಮನಸು ಬರಂಗಿಲ್ಲ ಅಂತ ಎಷ್ಟೋ ಅಕ್ಕಾರು ರೂಮಿನ ಬಾಗಿಲ ತನಕ ಬಂದು ನಿಂದ್ರತಾರ, ಅದಕ್ಕ ಒಂದು ಅರಿಷಿಣ ದಾರ ತಂದು ಅದನ್ನ ಕಟ್ಕೊಂಡು ಒಳಗ ಹೋಗ್ರಿ, ದಾರಕ್ಕ ನಮ್ಮ ಮಷೀನ್ ಏನೂ ಅನ್ನಂಗಿಲ್ಲ. ಪೇಸ್‌ಮೇಕರ್, ಕಿವಿ ಇಂಪ್ಲಾಂಟ್, ಮೊದ್ಲೇ ತಲ್ಯಾಗ ಕ್ಲಿಪ್ ಹಾಕಿದ್ರ ಮುಚ್ಚಿಡಬ್ಯಾಡ್ರಿ. ಇನ್ನೊಂದು ನಮ್ಮ ಕಡೆ ಭಾಳ ಮುಖ್ಯ: ತೋರಣಗಲ್ಲು, ಸಂಡೂರು ಕಡೆ ಗ್ರೈಂಡಿಂಗ್, ವೆಲ್ಡಿಂಗ್ ಕೆಲಸ ಮಾಡೋರಿಗೆ ಕಣ್ಣಾಗ ಕಬ್ಬಿಣದ ಚೂರು ಸಿಡಿದು ಉಳಿದಿರಬಹುದು, ಮಷೀನ್ ಒಳಗ ಅದು ಅಲುಗಾಡಿದ್ರ ಕಣ್ಣಿಗೇ ಕುತ್ತು. ಯಾವಾಗಾದ್ರೂ ಹಂಗ ಆಗಿದ್ರ ಹೇಳ್ರಿ, ಮೊದ್ಲ ಕಣ್ಣಿನ ಎಕ್ಸ್‌ರೇ ತೆಗೀತಾರ.

ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ. ಹಿಂದಿನ ದಿನ ತಲಿ ತೊಳ್ಕೊಂಡು ಒಣ ಕೂದಲಿನ್ಯಾಗ ಬರ್ರಿ. ಯಾಕಂದ್ರ ಕೆಲವು ಕಡೆ ಹಣಿ, ಕಿವಿ ಹಿಂದ, ನೆತ್ತಿ ಮ್ಯಾಲೆ ನಡುವೆ ತೂತಿರೋ ಸಣ್ಣ ದುಂಡನ ಸ್ಟಿಕ್ಕರ್ ಅಂಟಿಸ್ತಾರ, ಫಿಡ್ಯೂಶಿಯಲ್ ಅಂತಾರ ಅದಕ್ಕ. ಎಣ್ಣಿ ತಲಿಗೆ ಅವು ನಿಲ್ಲಂಗಿಲ್ಲ. ಸರ್ವೇಯರ್ ಬಂದು ಹೊಲ ಅಳಿಯೋವಾಗ ಬಾಂದಗಲ್ಲಿನ ಮ್ಯಾಲೇ ನಕ್ಷೆ ಕೂಡಿಸ್ತಾನಲ್ಲ, ಇವು ಆ ಬಾಂದಗಲ್ಲು ಇದ್ದಂಗ, ಒಂದು ಸರಿದ್ರ ನಕ್ಷೆನೂ ಸರೀತದ. ಅದಕ್ಕ ಸ್ಕ್ಯಾನ್ ಆದ ಮ್ಯಾಲೆ ಆಪರೇಷನ್ ತನಕ ಅದನ್ನ ಕೆರ್ಯಾಕ ಹೋಗಬ್ಯಾಡ್ರಿ, ಮಲಗಿದಾಗ ದಿಂಬಿಗೆ ತಿಕ್ಕದಂಗ ನೋಡ್ಕೊಳ್ರಿ, ಒಂದು ವೇಳೆ ಬಿದ್ರ ನೀವೇ ಹಚ್ಚಬ್ಯಾಡ್ರಿ, ಸಿಸ್ಟರ್‌ಗೆ ಹೇಳ್ರಿ. ತೂತಿನ ನಡುವೆ ಪೆನ್ನಿಲೆ ಗುರ್ತು ಮಾಡಿರ್ತಾರ, ಅದನ್ನೂ ಅಳಿಸಬ್ಯಾಡ್ರಿ. ಸ್ಟಿಕ್ಕರ್ ಇಲ್ಲದ ಪದ್ಧತಿನೂ ಅದ, ಅದ್ರಾಗ ಹಣಿ, ಮೂಗು, ಕಣ್ಣಿನ ಸುತ್ತಿನ ಆಕಾರ ನೋಡೇ ಮಷೀನ್ ಗುರ್ತು ಹಿಡಿತದ. ಹಂಗಿದ್ರ ನೆತ್ತಿಯಿಂದ ಮೂಗಿನ ತುದಿ ತನಕ, ಕಿವಿ ಸಮೇತ ಸ್ಕ್ಯಾನ್‌ನಾಗ ಬರ್ಬೇಕು, ಹಣಿಗೆ ಬಿಗಿಯಾಗಿ ಪಟ್ಟಿ ಬಿಗಿಬಾರ್ದು. ಚರ್ಮ ಒತ್ತಿ ಚಪ್ಪಟಿ ಆದ್ರ ಚಿತ್ರದಾಗಿನ ಮುಖಾನೇ ಬ್ಯಾರೆ, ಟೇಬಲ್ ಮ್ಯಾಲಿನ ಮುಖಾನೇ ಬ್ಯಾರೆ. ಇದು ಟೆಕ್ನಿಷಿಯನ್ ಕೆಲಸ ಖರೆ, ಆದ್ರ "ಸರ್, ಇದು ನ್ಯಾವಿಗೇಷನ್‌ಗೆ" ಅಂತ ಒಂದು ಮಾತು ನೀವು ಹೇಳಿದ್ರ ಯಾರೂ ಬೈಯಂಗಿಲ್ಲ.

ಒಳಗ ಅಲುಗಾಡಬಾರ್ದು. ತ್ರೀಡಿ ತೆಗಿಯೋ ಆ ನಾಕೈದು ನಿಮಿಷದಾಗ ಒಂದ್ಸಲ ಕೆಮ್ಮಿದ್ರೂ ಇಡೀ ಚಿತ್ರ ಮಸುಕು.

ಗಡ್ಡಿ ಮಾತಿನ ಜಾಗಕ್ಕೋ ಕೈಕಾಲು ಆಡಿಸೋ ಜಾಗಕ್ಕೋ ಹತ್ರ ಇದ್ರ ಫಂಕ್ಷನಲ್ ಎಂಆರ್‌ಐ ಮಾಡ್ತಾರ, ಒಳಗ ಮಲಗಿಸಿ ಬೆರಳು ಆಡಿಸು, ಚಿತ್ರ ನೋಡಿ ಮನಸಿನ್ಯಾಗೇ ಹೆಸ್ರು ಹೇಳ್ಕೋ ಅಂತಾರ, ಆವಾಗ ಮಿದುಳಿನ ಯಾವ ಭಾಗ ಕೆಲಸ ಮಾಡ್ತದ ಅಂತ ಗೊತ್ತಾಗ್ತದ. ಡಿಟಿಐ ಅಂತ ಇನ್ನೊಂದರಾಗ ನರದ ಎಳೆಗಳ ದಾರಿ ಬಣ್ಣದಾಗ ಕಾಣ್ತದ. ಇಲ್ಲಿ ನಮ್ಮ ಜಿಲ್ಲೆ ಮಂದಿ ಒಂದು ನೆನಪಿಡ್ರಿ: ಮನ್ಯಾಗ ತೆಲುಗೋ, ಉರ್ದುನೋ, ಲಂಬಾಣಿನೋ ಮಾತಾಡೋರಿದ್ರ ಮೊದ್ಲೇ ಹೇಳ್ರಿ. ಆಧಾರ್ ಕಾರ್ಡ್ ನೋಡಿ ಕನ್ನಡ ಅಂತ ತಿಳ್ಕೊಂಡು ಟೆಸ್ಟ್ ಮಾಡಿದ್ರ ಉಪಯೋಗಿಲ್ಲ. ಎಚ್ಚರ ಇಟ್ಟು ಮಾತಾಡಿಸ್ಕೋತ ಮಾಡೋ ಆಪರೇಷನ್‌ಗೂ ಇದೇ ಮಾತು.

ಸಿಡಿ ಕೈಗೆ ಬಂದ ಮ್ಯಾಲೆ ಕೌಂಟರ್ ಬಿಡೋ ಮುಂಚೆ ತೆಗೆದು ತೋರಸ್ರಿ ಅಂತ ಕೇಳ್ರಿ. ಫೈಲು ಡೈಕಾಮ್ (ಸ್ಕ್ಯಾನ್ ಮಷೀನ್‌ಗಳ ಮೂಲ ಫೈಲು) ಇರ್ಬೇಕು, ಜೆಪೆಗ್ ಫೋಟೋ ಅಲ್ಲ, ತ್ರೀಡಿ ಸೀರೀಸ್‌ನಾಗ ನೂರಕ್ಕಿಂತ ಹೆಚ್ಚು ಇಮೇಜ್ ಇರ್ತಾವ, ಇಪ್ಪತ್ತು ಇಪ್ಪತ್ತೈದೇ ಕಂಡ್ರ ಅದು ಮಾಮೂಲಿ ಸೀರೀಸ್. ಪೆನ್‌ಡ್ರೈವ್‌ಗೂ ಒಂದು ಕಾಪಿ ಹಾಕಿಸ್ಕೊಳ್ರಿ. ಫಿಲಂ ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ದು ಅಭಿಪ್ರಾಯ ಕೇಳಾಕ ಆಗ್ತದ, ಮಷೀನ್‌ಗಲ್ಲ. ಹೆಸ್ರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಎಲ್ಲಾ ಕಡೆ ಒಂದೇ ಇರ್ಲಿ, ಹುಲಿಗೆಮ್ಮ ಅಂತ ಹೆಸ್ರಿದ್ರ ಒಂದ್ಕಡೆ ಯು, ಒಂದ್ಕಡೆ ಡಬಲ್ ಓ ಹಾಕಿರ್ತಾರ, ಅಲ್ಲಿ ಸಿಟಿ ಸ್ಕ್ಯಾನ್ ಮತ್ತ ಎಂಆರ್‌ಐ ಕೂಡಿಸೋವಾಗ ಇವು ಒಬ್ಬರವೇನಾ ಅಂತ ಗೊಂದಲ ಆಗ್ತದ. ಮತ್ತ ರಾಯಚೂರು ಬಿಸಿಲಿನ್ಯಾಗ ಸಿಡಿಯನ್ನ ಬೈಕಿನ ಟ್ಯಾಂಕ್ ಕವರ್‌ನಾಗ ಇಟ್ಟು ತಿರುಗಬ್ಯಾಡ್ರಿ.

ಥಿಯೇಟರ್ ಒಳಗ ಏನಾಗ್ತದ ಅಂತ ಗೊತ್ತಿದ್ರ ಅಂಜಿಕಿ ಕಮ್ಮಿ ಆಗ್ತದ. ಅರಿವಳಿಕೆ ಕೊಟ್ಟ ಮ್ಯಾಲೆ ತಲೀನ ಮೂರು ಪಿನ್ನಿನ ಕ್ಲಾಂಪ್‌ನಾಗ ಕದಲದಂಗ ಹಿಡಿಸ್ತಾರ, ಅದಕ್ಕ ಬೆಳ್ಳಗೆ ಹೊಳಿಯೋ ಸಣ್ಣ ಗುಂಡಿನ ಒಂದು ಸ್ಟಾರ್ ಕೂಡಿಸ್ತಾರ, ಇನ್‌ಫ್ರಾರೆಡ್ ಕ್ಯಾಮೆರಾ ಅದನ್ನ ನೋಡ್ಕೋತ ಇರ್ತದ. ಸರ್ಜನ್ ಒಂದು ಪಾಯಿಂಟರ್ ಕಡ್ಡಿ ತಗೊಂಡು ಸ್ಟಿಕ್ಕರ್ ಒಂದೊಂದಾಗಿ ಮುಟ್ಟಿ ತಲಿಗೂ ಸ್ಕ್ಯಾನ್ ಚಿತ್ರಕ್ಕೂ ಹೊಂದಿಸ್ತಾರ, ಆಮ್ಯಾಲೆ ಮೂಗಿನ ತುದಿ, ಕಣ್ಣಿನ ಮೂಲಿ ಮುಟ್ಟಿ ಸ್ಕ್ರೀನ್ ಮ್ಯಾಲೂ ಅಲ್ಲೇ ತೋರಿಸ್ತದೇನು ಅಂತ ಪರೀಕ್ಷೆ ಮಾಡ್ತಾರ. ಎಲ್ಲಾ ಸರಿ ಇದ್ರ ಎರಡು ಮೂರು ಮಿಲಿಮೀಟರ್ ಒಳಗ ಹೊಂದ್ತದ. ಎಲ್ಲಿ ಕೊಯ್ಯಬೇಕು, ಎಲುಬು ಎಷ್ಟು ತೆಗಿಬೇಕು ಅಂತ ಇದ್ರ ಮ್ಯಾಲೇ ಗೆರಿ ಹಾಕ್ತಾರ.

ಆದ್ರ ನನಗ ಅನ್ನಿಸೋದು, ಮಷೀನ್ ಹೆಸ್ರು ಕೇಳೇ ಆಸ್ಪತ್ರಿ ಆರಿಸೋದು ತಪ್ಪು. ಮಿದುಳಿನ ಪೊರೆ ಬಿಚ್ಚಿ ನೀರು ಹರಿದ ಕೂಡ್ಲೆ ಮಿದುಳು ಕೆಳಗ ಕುಸಿತದ, ಗಡ್ಡಿ ತೆಗಿದಂಗ ಇನ್ನೂ ಸರಿತದ, ಒಮ್ಮೊಮ್ಮೆ ಒಂದು ಸೆಂಟಿಮೀಟರ್‌ಗಿಂತ ಹೆಚ್ಚೇ. ಆದ್ರ ಸ್ಕ್ರೀನ್ ಮ್ಯಾಲಿನ ಚಿತ್ರ ನಿನ್ನೆದೇ ಇರ್ತದ! ಅದಕ್ಕ ಕೆಲವ್ರು ನಡುವೆ ಅಲ್ಟ್ರಾಸೌಂಡ್ ಇಟ್ಟು ನೋಡ್ತಾರ, ದೊಡ್ಡ ಕಡೆ ಥಿಯೇಟರ್‌ನಾಗೇ ಎಂಆರ್‌ಐ ಇರ್ತದ, ಕೆಲವು ಗಡ್ಡಿಗೆ 5-ಎಎಲ್‌ಎ ಅಂತ ಔಷಧ ಕುಡಿಸಿ ನೀಲಿ ಬೆಳಕಿನ್ಯಾಗ ಗಡ್ಡಿ ಗುಲಾಬಿ ಬಣ್ಣ ಹೊಳಿಯಂಗ ಮಾಡ್ತಾರ, ಅದನ್ನ ಕುಡಿಸಿದ್ರ ಕಮ್ಮಿ ಅಂದ್ರ ಒಂದು ದಿನ ಪೇಷಂಟ್‌ನ ಬಿಸಿಲಿಗೆ, ಜೋರ್ ಬೆಳಕಿಗೆ ಬಿಡಬಾರ್ದು. ಡಾಕ್ಟ್ರಿಗೆ ಕೇಳೋದಿದ್ರ ಹಿಂಗ ಕೇಳ್ರಿ: "ಒಳಗ ಮಿದುಳು ಸರಿದ್ರ ಹೆಂಗ ನೋಡ್ತೀರಿ ಸರ್?" ಮಿದುಳಿನ ಪೊರೆಯಿಂದ ಹುಟ್ಟಿ ಮ್ಯಾಲ ಮ್ಯಾಲೇ ಇರೋ ಮೆನಿಂಜಿಯೋಮಾದಂಥದಕ್ಕ ಇಷ್ಟೆಲ್ಲಾ ಬೇಕಾಗದೇನೂ ಇರಬಹುದು, ಬ್ಯಾಡ ಅಂದ್ರ ಒತ್ತಾಯ ಮಾಡಬ್ಯಾಡ್ರಿ.

ಆಪರೇಷನ್ ಆಗಿ 72 ಗಂಟಿ ಒಳಗ ಇನ್ನೊಂದು ಕಾಂಟ್ರಾಸ್ಟ್ ಎಂಆರ್‌ಐ ಮಾಡ್ತಾರ, ಮುಖ್ಯವಾಗಿ ಗ್ಲಯೋಮಾಕ್ಕ. ಪೇಷಂಟ್ ದಣಿದಾರ, ಊರಿಗೆ ಹೋಗಿ ಮಾಡಿಸ್ತೀವಿ ಅಂತ ಅದನ್ನ ಮುಂದ ಹಾಕಬ್ಯಾಡ್ರಿ, ಅಷ್ಟು ದಿನ ಬಿಟ್ರ ಗಾಯ ಮಾಯೋ ಜಾಗಾನೂ ಕಾಂಟ್ರಾಸ್ಟ್ ಹಿಡಿದು ಉಳಿದ ಗಡ್ಡಿ ಯಾವುದು, ಗಾಯ ಯಾವುದು ಗೊತ್ತಾಗಂಗಿಲ್ಲ. ಆ ಸಿಡಿನೂ ಡಿಸ್ಚಾರ್ಜ್ ದಿನಾನೇ ಕೇಳಿ ಇಸ್ಕೊಳ್ರಿ, ಮೂರು ತಿಂಗಳಿಗೊಮ್ಮೆ ಇಲ್ಲಿ ನಮ್ಮ ಕಡೆ ಸ್ಕ್ಯಾನ್‌ಗೆ ಬಂದಾಗ ಹೋಲಿಸಿ ನೋಡಾಕ ರೇಡಿಯಾಲಜಿಸ್ಟ್ ಮೊದ್ಲ ಕೇಳೋದು ಅದನ್ನೇ.