ಸೆಮಿಕಂಡಕ್ಟರ್‌ನ ಟೂ-ಡಿ ಸ್ಪೆಕ್ಟ್ರಮ್ ತೆಗೆಯೋದು ಹೇಗೆ

ಮಾಮೂಲಿ ಅಬ್ಸಾರ್ಪ್ಷನ್‌ನಲ್ಲಿ ಲೈನ್ ಅಗಲ ಇದ್ರೆ ಅದು ಸ್ಯಾಂಪಲ್ ಒಂದೊಂದು ಕಡೆ ಒಂದೊಂದು ಥರ ಇರೋದಕ್ಕಾ ಇಲ್ಲಾ ಎಕ್ಸೈಟಾನ್ (ಬೆಳಕು ಬಿದ್ದಾಗ ಹುಟ್ಟೋ ಎಲೆಕ್ಟ್ರಾನ್-ಹೋಲ್ ಜೋಡಿ) ಬೇಗ ಡಿಫೇಸ್ ಆಗೋದಕ್ಕಾ, ಅಂದ್ರೆ ತಾಳ ತಪ್ಪೋದಕ್ಕಾ, ಗೊತ್ತಾಗಲ್ಲ, ಟೂ-ಡಿ, ಅಂದ್ರೆ ಹೀರಿದ ಫ್ರೀಕ್ವೆನ್ಸಿ ಒಂದು ಅಕ್ಷ, ಹೊರಬಂದ ಫ್ರೀಕ್ವೆನ್ಸಿ ಇನ್ನೊಂದು ಅಕ್ಷ ಇರೋ ನಕ್ಷೆ, ಇವೆರಡನ್ನೂ ಬೇರೆ ಮಾಡಿ ತೋರಿಸುತ್ತೆ.

ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಮ್ ವೆಲ್‌ನಿಂದ (ಕೆಲವೇ ನ್ಯಾನೋಮೀಟರ್ ದಪ್ಪದ ಪದರ) ಶುರು ಮಾಡಿ, ಸಿಗ್ನಲ್ ಚೆನ್ನಾಗಿ ಬರುತ್ತೆ, ಟೈಟಾನಿಯಂ ಸಫೈರ್ ಲೇಸರ್‌ನ 800 ನ್ಯಾನೋಮೀಟರ್‌ಗೂ ಹೊಂದುತ್ತೆ. ಆದ್ರೆ ಟ್ರಾನ್ಸ್‌ಮಿಷನ್‌ನಲ್ಲಿ ನೋಡ್ಬೇಕಂದ್ರೆ ಹಿಂದಿರೋ ಸಬ್‌ಸ್ಟ್ರೇಟ್ (ಪದರ ಬೆಳೆಸಿದ ದಪ್ಪ ತಳ) ಉಜ್ಜಿ, ಎಚ್ ಮಾಡಿ (ಕೆಮಿಕಲ್‌ನಲ್ಲಿ ಕರಗಿಸಿ) ತೆಗೀಲೇಬೇಕು, ಇಲ್ಲಾಂದ್ರೆ ಬೆಳಕೆಲ್ಲ ಅದೇ ನುಂಗಿಬಿಡುತ್ತೆ. ಸ್ಯಾಂಪಲ್ಲನ್ನ ಕ್ರಯೋಸ್ಟಾಟ್‌ನಲ್ಲಿ (ತುಂಬಾ ತಣ್ಣಗಿಡೋ ಉಪಕರಣ) 10 ಕೆಲ್ವಿನ್ ಹತ್ರ ಇಳಿಸಿ.

ಮೂರು ಪಲ್ಸ್ ಬಿಡ್ತೀವಿ. ಮೊದಲೆರಡರ ನಡುವಿನ ಗ್ಯಾಪ್ ಸ್ವಲ್ಪ ಸ್ವಲ್ಪನೇ ಬದಲಾಯಿಸ್ತಾ ಪ್ರತಿ ಸಲ ಹೊರಬರೋ ಸಿಗ್ನಲ್ಲನ್ನ ರೆಫರೆನ್ಸ್ (ಹೋಲಿಸೋಕೆ ಇಟ್ಟ ಇನ್ನೊಂದು ಪಲ್ಸ್) ಜೊತೆ ಸೇರಿಸಿ ಸ್ಪೆಕ್ಟ್ರೋಮೀಟರ್‌ನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ಆ ಗ್ಯಾಪ್ ಮೇಲೆ ಫೋರಿಯರ್ ಟ್ರಾನ್ಸ್‌ಫಾರ್ಮ್ (ಸಮಯದ ಡೇಟಾನ ಫ್ರೀಕ್ವೆನ್ಸಿಗೆ ಬದಲಾಯಿಸೋ ಲೆಕ್ಕ).

ನಿಜವಾದ ತಲೆನೋವು ಫೇಸ್, ಅಂದ್ರೆ ಪಲ್ಸ್‌ಗಳ ಅಲೆಗಳ ಏರಿಳಿತ ಒಂದಕ್ಕೊಂದು ಹೊಂದಿಕೊಂಡೇ ಇರೋದು. ದಾರಿಯ ಉದ್ದ ತರಂಗಾಂತರದ ನೂರನೇ ಒಂದು ಭಾಗ, ಅಂದ್ರೆ 8 ನ್ಯಾನೋಮೀಟರ್‌ಗಿಂತ ಜಾಸ್ತಿ ಅಲ್ಲಾಡದೇ ಇದ್ರೆ ಒಳ್ಳೇದು, ಬೆಂಗಳೂರಲ್ಲಿ ರೋಡ್ ಪಕ್ಕದ ಲ್ಯಾಬ್ ಆದ್ರೆ ಲಾರಿ ಹೋದ್ರೂ ಗೊತ್ತಾಗುತ್ತೆ, ಹಾಗಾಗಿ ನಾನಂತೂ ರಾತ್ರಿ 11 ಆದ್ಮೇಲೇ ಸ್ಕ್ಯಾನ್ ಹಾಕೋದು. ಟೇಬಲ್ ಸುತ್ತ ಡಬ್ಬ ಕಟ್ಟಿ, ಏಸಿ ಗಾಳಿ ನೇರ ಬೀಳದ ಹಾಗೆ ನೋಡ್ಕೊಳ್ಳಿ.

ಪವರ್ ಕಮ್ಮಿ ಇಡಿ, ಜಾಸ್ತಿ ಆದ್ರೆ ಎಕ್ಸೈಟಾನ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಲೈನ್ ಅಗಲ ಆಗುತ್ತೆ. ಗಾಗಲ್ಸ್ ಮರೀಬೇಡಿ ಮಾರಾಯ್ರೇ, 800 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಸರಿಯಾಗಿ ಕಾಣಲ್ಲ.

ಓದೋದು ಸುಲಭ: ಪೀಕ್ ಡಯಾಗನಲ್ (ಎರಡೂ ಫ್ರೀಕ್ವೆನ್ಸಿ ಒಂದೇ ಇರೋ ಗೆರೆ) ಉದ್ದಕ್ಕೂ ಎಳೆದಿದ್ರೆ ಸ್ಯಾಂಪಲ್‌ನ ಏರುಪೇರು, ಅಡ್ಡ ಅಗಲ ಡಿಫೇಸಿಂಗ್‌ದು. ಹೆವಿ ಹೋಲ್, ಲೈಟ್ ಹೋಲ್ (ಎರಡು ಥರದ ಎಕ್ಸೈಟಾನ್) ನಡುವೆ ಕ್ರಾಸ್ ಪೀಕ್ (ಡಯಾಗನಲ್ ಹೊರಗಿನ ಪೀಕ್) ಕಂಡ್ರೆ ಅವೆರಡಕ್ಕೂ ನಂಟಿದೆ ಅಂತ.