ಲಂಗ್ ಕ್ಯಾನ್ಸರ್: ಟ್ಯೂಮರ್ ಮಾರ್ಕರ್ ರಿಪೋರ್ಟನ್ನು ಬಳಸುವುದು ಹೇಗೆ?

ಮುಂಬೈನಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಇದೇ ಕಥೆ. ಅಪ್ಪನಿಗೆ ಕೆಮ್ಮು ಬಿಡುತ್ತಿಲ್ಲ ಅಂತ ಮಗ ಆನ್‌ಲೈನ್‌ನಲ್ಲಿ ‘ಕ್ಯಾನ್ಸರ್ ಪ್ಯಾಕೇಜ್’ ಬುಕ್ ಮಾಡುತ್ತಾನೆ. ಅದರಲ್ಲಿ ಸಿಇಎ ಅಂತ ಒಂದು ಟ್ಯೂಮರ್ ಮಾರ್ಕರ್ ಇರುತ್ತದೆ, ಅಂದರೆ ಕ್ಯಾನ್ಸರ್ ಇದ್ದಾಗ ರಕ್ತದಲ್ಲಿ ಏರಬಹುದಾದ ಒಂದು ವಸ್ತು. ಅದು ನಾರ್ಮಲ್ ದಾಟಿ 6 ಬಂದರೆ ಯಾರಿಗೂ ಊಟ ಸೇರುವುದಿಲ್ಲ, ನಾರ್ಮಲ್ ಆಗಿ 2 ಬಂದರೆ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಈ ಪ್ಯಾಕೇಜ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಬೀಡಿ, ಸಿಗರೇಟ್ ಸೇದುವವರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಸಿಇಎ ಸ್ವಲ್ಪ ಜಾಸ್ತಿ ಇರಬಹುದು. ಕ್ಯಾನ್ಸರ್ ಇದ್ದೂ ನಾರ್ಮಲ್ ಬರಬಹುದು.

ಮೊದಲ ಹೆಜ್ಜೆ: ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ, ಎಕ್ಸ್‌ರೇ, ಬೇಕಾದರೆ ಸಿಟಿ. ಕ್ಯಾನ್ಸರ್ ಅಂತ ಖಚಿತ ಮಾಡುವುದು ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ.

ಎರಡನೆಯದು: ಬಯಾಪ್ಸಿಯಲ್ಲಿ ಯಾವ ಬಗೆಯ ಲಂಗ್ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮಾರ್ಕರ್ ಆರಿಸುವುದು. ಅಡಿನೋಕಾರ್ಸಿನೋಮಾಗೆ ಸಾಮಾನ್ಯವಾಗಿ ಸಿಇಎ, ಸ್ಕ್ವಾಮಸ್‌ಗೆ ಸೈಫ್ರಾ 21-1, ಸ್ಮಾಲ್ ಸೆಲ್‌ಗೆ ಎನ್‌ಎಸ್‌ಇ ಅಥವಾ ಪ್ರೊಜಿಆರ್‌ಪಿ. ಡಾಕ್ಟರು ಬರೆದುಕೊಟ್ಟರೆ ಚಿಕಿತ್ಸೆ ಶುರುವಾಗುವ ಮೊದಲೇ ಒಮ್ಮೆ ಮಾಡಿಸಿ, ಮುಂದಿನ ಅಂಕಿಗಳನ್ನು ಅದಕ್ಕೆ ಹೋಲಿಸಿ ನೋಡಬಹುದು. ಇಜಿಎಫ್‌ಆರ್, ಎಎಲ್‌ಕೆ ಅನ್ನುವುದು ಬೇರೆಯೇ ಪರೀಕ್ಷೆ, ಗಡ್ಡೆಯ ಜೀನ್ ನೋಡಿ ಔಷಧಿ ಆರಿಸಲು ಮಾಡುವಂಥದ್ದು. ಅದನ್ನು ಇದರ ಜೊತೆ ಕಲಸಬೇಡಿ.

ಮೂರನೆಯದು: ಚಿಕಿತ್ಸೆ ನಡೆಯುವಾಗ ಅದೇ ಮಾರ್ಕರನ್ನು ಮತ್ತೆ ಮತ್ತೆ ಮಾಡಿಸುವುದು. ಇದರಲ್ಲೇ ಎಲ್ಲರೂ ಎಡವುವುದು. ಒಂದು ಸಲ ಡೊಂಬಿವಲಿಯ ಲ್ಯಾಬ್, ಇನ್ನೊಂದು ಸಲ ಪರೇಲ್‌ಗೆ ಆಸ್ಪತ್ರೆಗೆ ಹೋದಾಗ ಅಲ್ಲಿನದು, ಮತ್ತೊಮ್ಮೆ ಡಿಸ್ಕೌಂಟ್ ಇದೆ ಅಂತ ಮನೆಗೇ ಬಂದು ರಕ್ತ ತೆಗೆಯುವವರು. ಆಮೇಲೆ 8 ಇದ್ದದ್ದು 11 ಆಯ್ತು ಅಂತ ರಾತ್ರಿಯಿಡೀ ನಿದ್ದೆಯಿಲ್ಲ! ಒಂದೊಂದು ಕಂಪನಿಯ ಮೆಷಿನ್ ಒಂದೊಂದು ಥರ ಅಳೆಯುತ್ತದೆ, ಆ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವಂತಿಲ್ಲ. ಒಂದೇ ಲ್ಯಾಬ್ ಹಿಡಿದುಕೊಳ್ಳಿ, ಎರಡು ಕಾಸು ಜಾಸ್ತಿಯಾದರೂ ಪರವಾಗಿಲ್ಲ.

ಎನ್‌ಎಸ್‌ಇಗೆ ಇನ್ನೂ ಒಂದು ತಕರಾರಿದೆ. ಅದು ಕೆಂಪು ರಕ್ತಕಣಗಳ ಒಳಗೂ ಇರುತ್ತದೆ. ಟ್ಯೂಬ್ ಜೋರಾಗಿ ಅಲ್ಲಾಡಿದರೆ, ರಕ್ತದಿಂದ ಸೀರಮ್ (ಕಣಗಳಿಲ್ಲದ ತಿಳಿ ನೀರು) ಬೇರ್ಪಡಿಸುವುದು ತಡವಾದರೆ ಕಣಗಳು ಒಡೆದು ಅಂಕಿ ಸುಳ್ಳೇ ಏರುತ್ತದೆ. ತಿಳಿ ಹಳದಿ ಇರಬೇಕಾದ ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ರಿಪೋರ್ಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಹೀಮೊಲೈಸ್ಡ್’ (ಕಣಗಳು ಒಡೆದಿವೆ) ಅಂತಿದ್ದರೆ ಮತ್ತೆ ರಕ್ತ ಕೊಡಿ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಕೆಲವು ಮೆಷಿನ್‌ಗಳಲ್ಲಿ ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಕಿಡ್ನಿ ತೊಂದರೆ ಇದ್ದರೆ ಪ್ರೊಜಿಆರ್‌ಪಿ, ಸೈಫ್ರಾ ಏರುತ್ತವೆ, ಅದಕ್ಕೇ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟೂ ಜೊತೆಗಿರಲಿ.

ಇನ್ನು ಓದುವುದು. ಕೀಮೋ ಶುರುವಾದ ಹೊಸದರಲ್ಲಿ ಅಂಕಿ ಒಮ್ಮೆ ಏರಿ ಆಮೇಲೆ ಇಳಿಯುವುದೂ ಉಂಟು, ಗಾಬರಿಯಾಗಬೇಡಿ. ಮತ್ತೆ ಮತ್ತೆ ಏರುತ್ತಲೇ ಇದ್ದರೆ ಸಿಟಿ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಬರೀ ಅಂಕಿ ನೋಡಿ ನೀವೇ ಔಷಧಿ ನಿಲ್ಲಿಸಬೇಡಿ. ತಾರೀಖು, ಲ್ಯಾಬ್ ಹೆಸರು, ಅಂಕಿ, ಕೀಮೋ ಆದ ದಿನ, ಎಲ್ಲ ಒಂದೇ ಹಾಳೆಯಲ್ಲಿ ಬರೆದು ಫೈಲಿನ ಮೇಲೇ ಇಡಿ. ಓಪಿಡಿಯಲ್ಲಿ ಡಾಕ್ಟರಿಗೆ ಪುಟ ತಿರುವುವಷ್ಟು ಹೊತ್ತು ಇರುವುದಿಲ್ಲ.