ಗುಡ್ಡದ ಗಾಲ್ಫ್: ಕೈಗಿಂತ ಮೊದಲು ಕಾಲು

ಕೊಡಗಿನಲ್ಲಿ ಹುಟ್ಟಿದವರ ಕೈಗೆ ಮೊದಲು ಸಿಗುವುದು ಹಾಕಿ ಸ್ಟಿಕ್ಕು. ನನಗೂ ಅದೇ ಸಿಕ್ಕಿತ್ತು. ಮೂವತ್ತೆಂಟಕ್ಕೆ ಮೊಣಕಾಲು ಕೈಕೊಟ್ಟ ಮೇಲೆ ಗಾಲ್ಫ್ ಕಡೆ ತಿರುಗಿದೆ. ಚೆಂಡು ಅಲ್ಲಾಡದೆ ಕೂತಿರುತ್ತದೆ, ಕಿತ್ತುಕೊಳ್ಳಲು ಎದುರಾಳಿ ಬರುವುದಿಲ್ಲ, ಇದೇನು ಮಹಾ ಎಂಬ ಉಡಾಫೆಯಲ್ಲೇ ಹೋಗಿದ್ದೆ. ಮೊದಲ ದಿನ ಒಂಬತ್ತು ಹೋಲ್ (ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದೊಂದು ಹಂತ) ಮುಗಿಯುವಷ್ಟರಲ್ಲಿ ಏಳು ಚೆಂಡು ಕಾಫಿ ಗಿಡಗಳ ಬುಡ ಸೇರಿದ್ದವು. ಯಾಕೆಂದು ತಿಳಿಯಲು ಒಂದು ವರ್ಷ ಹಿಡಿಯಿತು. ನನ್ನ ಗಮನವೆಲ್ಲ ಕೈಯ ಮೇಲಿತ್ತು, ಕಾಲ ಕೆಳಗಿನ ನೆಲವನ್ನು ನೋಡಿಯೇ ಇರಲಿಲ್ಲ.

ಬಯಲುಸೀಮೆಯ ಮೈದಾನದಲ್ಲಿ ಸಪಾಟಾದ ನೆಲದ ಮೇಲೆ ನಿಂತು ಹೊಡೆಯಬಹುದು. ಇಲ್ಲಿ ಆ ಭಾಗ್ಯ ಟೀಯಲ್ಲಿ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ಮಾತ್ರ. ಅಲ್ಲಿಂದ ಮುಂದೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮಡಿಕೇರಿಯ ಮರ್ಕೆರಾ ಡೌನ್ಸ್ ಇರಲಿ, ವಿರಾಜಪೇಟೆ ಹತ್ತಿರದ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಇರಲಿ, ಪಾಲಿಬೆಟ್ಟದ ಎಸ್ಟೇಟುಗಳ ನಡುವಿನ ಒಂಬತ್ತು ಹೋಲ್‌ಗಳ ಮೈದಾನ ಇರಲಿ, ಈ ಮಾತು ನೆನಪಿರಲಿ. ಅಂದಹಾಗೆ ‘ಲಿಂಕ್ಸ್’ ಎಂದರೆ ಮೂಲದಲ್ಲಿ ಸ್ಕಾಟ್ಲೆಂಡಿನ ಕಡಲಂಚಿನ ಮರಳುದಿಬ್ಬದ ನೆಲ. ಬಿಟ್ಟಂಗಾಲಕ್ಕೆ ಕಡಲು ಎಷ್ಟು ದೂರ ಎಂದು ಕೇಳಬೇಡಿ, ಹೆಸರು ಚೆನ್ನಾಗಿದೆ.

ಹೊರಡುವ ಮುನ್ನ

ಹೊರಗಿನವರಾದರೆ ಮೊದಲೇ ಫೋನ್ ಮಾಡಿ. ವಾರಾಂತ್ಯದಲ್ಲಿ ಸದಸ್ಯರ ಪಂದ್ಯ ಇದ್ದರೆ ಅತಿಥಿಗಳಿಗೆ ಆಟ ಶುರುಮಾಡುವ ಸಮಯ ಸಿಗುವುದು ಕಷ್ಟ. ಕಾಲರ್ ಇರುವ ಟೀ ಶರ್ಟು, ಹಿಡಿತವಿರುವ ಶೂ ಬೇಕು. ನಿಯಮದ ಪ್ರಕಾರ ಚೀಲದಲ್ಲಿ ಹೊಡೆಯುವ ಕೋಲು, ಅಂದರೆ ಕ್ಲಬ್, 14ರವರೆಗೆ ಇಟ್ಟುಕೊಳ್ಳಬಹುದು. ಹೊಸಬರಿಗೆ ಏಳು ಸಾಕು: ದೂರಕ್ಕೆ ಒಂದು ವುಡ್, ಒಂದು ಹೈಬ್ರಿಡ್, ನಡುದೂರಕ್ಕೆ 6 ಮತ್ತು 8ನೇ ಐರನ್, ಹತ್ತಿರಕ್ಕೆ ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಕುಳಿಗೆ ಉರುಳಿಸಲು ಪಟರ್. ಏರು ಹತ್ತುವಾಗ ಉಳಿದ ಏಳರ ಭಾರ ಯಾರ ಹೆಗಲ ಮೇಲಿರುತ್ತದೆ, ಯೋಚಿಸಿ. ಕ್ಯಾಡಿ ಸಿಕ್ಕರೆ ಖಂಡಿತ ಕರೆದುಕೊಳ್ಳಿ. ಆತ ಚೀಲ ಹೊರುವುದು ದೊಡ್ಡದಲ್ಲ, ನೀರು ಯಾವ ಕಡೆ ಹರಿಯುತ್ತದೆ ಎಂದು ಆತನಿಗೆ ಗೊತ್ತಿರುತ್ತದೆ. ಚೆಂಡೂ ಸಾಮಾನ್ಯವಾಗಿ ಅದೇ ಕಡೆ ಹೋಗುತ್ತದೆ.

ಹಾಕಿ ಆಡಿದವರಿಗೆ ಒಂದು ಲಾಭ, ಒಂದು ನಷ್ಟ. ಬಲಗೈಯವರಿಗೆ ಎಡಗೈ ಮೇಲೆ, ಬಲಗೈ ಕೆಳಗೆ ಎಂಬ ಹಿಡಿತ ಎರಡರಲ್ಲೂ ಒಂದೇ. ಬಲಗೈಯ ಕಿರುಬೆರಳನ್ನು ಎಡಗೈ ತೋರುಬೆರಳಿನ ಮೇಲೆ ಕೂರಿಸಿದರೆ ಗಾಲ್ಫ್ ಹಿಡಿತ ಮುಗಿಯಿತು. ನಷ್ಟ ಇರುವುದು ಮೈಯ ಅಭ್ಯಾಸದಲ್ಲಿ. ಹಾಕಿಯಲ್ಲಿ ಚೆಂಡಿನ ಮೇಲೆ ಮುನ್ನುಗ್ಗಿ ಹೊಡೆಯುತ್ತೇವೆ. ಇಲ್ಲಿ ತಲೆ ನಿಂತಲ್ಲೇ ನಿಲ್ಲಬೇಕು, ಭುಜ ಮತ್ತು ಸೊಂಟ ತಿರುಗಬೇಕು. ಇನ್ನೊಂದು ಚಟ, ಚೆಂಡನ್ನು ಎತ್ತಲು ಹೋಗುವುದು. ಎತ್ತುವ ಕೆಲಸ ಕ್ಲಬ್ಬಿನ ಮುಖದ ಓರೆಯದು. ಐರನ್ ಮೊದಲು ಚೆಂಡಿಗೆ, ಆಮೇಲೆ ಹುಲ್ಲಿಗೆ ತಾಗಿದರೆ ಚೆಂಡು ತಾನಾಗಿ ಏಳುತ್ತದೆ.

ಟೀಯಲ್ಲಿ ನಿಂತಾಗ: ಬಾವುಟದಿಂದ ಹಿಂದಕ್ಕೆ ಎಣಿಸಿ

ಹೋಲ್ ಶುರುವಾಗುವುದು ಟೀಯಿಂದ, ಲೆಕ್ಕ ಶುರುವಾಗಬೇಕಾದದ್ದು ಕುಳಿಯಲ್ಲಿ ನೆಟ್ಟ ಬಾವುಟದಿಂದ. ಒಂದು ಪಾರ್ 5, ಅಂದರೆ ಐದು ಹೊಡೆತದಲ್ಲಿ ಮುಗಿಸಬೇಕಾದ ಹೋಲ್, ಇದೆ, ಉದ್ದ 480 ಗಜ ಎನ್ನಿ. ನಿಮಗೆ ನಂಬಿಕೆಯಿರುವ ಹೊಡೆತ ವೆಜ್‌ನಲ್ಲಿ 100 ಗಜ. ಅದಕ್ಕೆ ಹಿಂದೆ ಹೈಬ್ರಿಡ್‌ನಲ್ಲಿ 170. ಹಾಗಾದರೆ ಟೀಯಿಂದ ಬೇಕಾಗಿರುವುದು 210 ಮಾತ್ರ. ಅತಿ ದೂರ ಹೊಡೆಯುವ ಡ್ರೈವರ್ ಕ್ಲಬ್ ಎತ್ತಿ ಮೈಯೆಲ್ಲ ಶಕ್ತಿ ಸುರಿಯುವ ಅಗತ್ಯ ಎಲ್ಲಿದೆ? ಮೊದಲ ಹೊಡೆತ ಎಷ್ಟು ದೂರ ಹೋಯಿತು ಎಂಬುದಕ್ಕಿಂತ ಎರಡನೆಯದನ್ನು ಎಂಥ ನೆಲದ ಮೇಲೆ ನಿಂತು ಹೊಡೆಯುತ್ತೀರಿ ಎಂಬುದು ಮುಖ್ಯ. 230 ಗಜ ಹೋಗಿ ಇಳಿಜಾರಿನಲ್ಲಿ ತೂಗಾಡುವ ಚೆಂಡಿಗಿಂತ 190 ಗಜದಲ್ಲಿ ಸಮತಟ್ಟು ಜಾಗದಲ್ಲಿ ಕೂತ ಚೆಂಡು ವಾಸಿ.

ಮೇಲಿನಿಂದ ಕೆಳಕ್ಕೆ ಹೊಡೆಯುವ ಪಾರ್ 3 ನೋಡಲು ಎಲ್ಲಕ್ಕಿಂತ ಚಂದ. ಕೆಳಗೆ ಗ್ರೀನು (ಕುಳಿಯ ಸುತ್ತಲಿನ ನುಣುಪು ಹುಲ್ಲು), ಆಚೆ ಸಿಲ್ವರ್ ಓಕ್ ಸಾಲು, ಅದರಾಚೆ ಮಂಜು ಮೆತ್ತಿದ ಬೆಟ್ಟ. ಫೋಟೊ ತೆಗೆದುಕೊಳ್ಳಿ, ಆಮೇಲೆ ಲೆಕ್ಕ ಹಾಕಿ. ಆಟಗಾರರ ಕೈಲೆಕ್ಕ ಸುಲಭದ್ದು: ಪ್ರತಿ ಮೂರು ಅಡಿ ಇಳಿತಕ್ಕೆ ಒಂದು ಗಜ ಕಳೆಯಿರಿ. ಬೋರ್ಡು 150 ಗಜ ಎನ್ನುತ್ತದೆ, ಗ್ರೀನು 60 ಅಡಿ ಕೆಳಗಿದೆ ಎಂದಾದರೆ ಆಡಬೇಕಾದ್ದು 130. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಮೇಲಿದೆ. ಗಾಳಿ ತೆಳುವಾದ್ದರಿಂದ ಕಡಲತೀರಕ್ಕಿಂತ ಇಲ್ಲಿ ಚೆಂಡು ನೂರಕ್ಕೆ ನಾಲ್ಕರಷ್ಟು ಹೆಚ್ಚು ಹಾರುತ್ತದೆ. ಮಂಗಳೂರಿನಿಂದ ಬಂದವರು ಗ್ರೀನ್ ದಾಟಿಸಿ ಬೆಪ್ಪಾಗುವುದು ಇದಕ್ಕೇ. ಆದರೆ ಡಿಸೆಂಬರಿನ ಮುಂಜಾನೆ ಆ ನಾಲ್ಕನ್ನು ಮರೆತುಬಿಡಿ. ತಣ್ಣನೆಯ ಗಾಳಿ ದಟ್ಟ, ತಣ್ಣಗಾದ ಚೆಂಡು ಮಂಕು, ಎರಡೂ ಸೇರಿ ಕೊಟ್ಟದ್ದನ್ನು ಕಿತ್ತುಕೊಳ್ಳುತ್ತವೆ. ತೇವ ತುಂಬಿದ ಗಾಳಿ ಭಾರ ಎಂದು ಕ್ಲಬ್ ವರಾಂಡದಲ್ಲಿ ಹಿರಿಯರು ಹೇಳುತ್ತಾರೆ. ವಿಜ್ಞಾನ ಹೇಳುವುದು ಉಲ್ಟಾ, ನೀರಾವಿ ಇರುವ ಗಾಳಿ ತುಸು ಹಗುರವೇ. ವರಾಂಡದಲ್ಲಿ ಇದನ್ನು ವಾದಿಸಲು ಹೋಗಬೇಡಿ.

ಏರು ಪಾರ್ 4ರಲ್ಲಿ ಇದೇ ಲೆಕ್ಕ ತಿರುವುಮುರುವು, ಗಜ ಕೂಡಿಸಬೇಕು. ಬಾವುಟದ ತುದಿ ಮಾತ್ರ ಕಾಣುತ್ತಿದ್ದರೆ ಕಣ್ಣು ಹೇಳಿದ್ದಕ್ಕಿಂತ ಒಂದು ಕ್ಲಬ್ ಜಾಸ್ತಿ, ಅಂದರೆ ಇನ್ನೊಂದಿಷ್ಟು ದೂರ ಹೊಡೆಯುವುದನ್ನು, ತೆಗೆದುಕೊಳ್ಳಿ. ಕಡಿಮೆಯಾದರೆ ಚೆಂಡು ಉರುಳಿ ನಿಮ್ಮ ಕಾಲ ಬಳಿಗೇ ವಾಪಸ್ ಬರುತ್ತದೆ. ನಾಚಿಕೆಗೆ ಇದಕ್ಕಿಂತ ಬೇರೆ ಬೇಡ.

ಓರೆ ನೆಲದ ಮೇಲೆ ನಿಲ್ಲುವುದು

ಓರೆ ನಾಲ್ಕು ಬಗೆ. ಬಲಗೈ ಆಟಗಾರರ ಲೆಕ್ಕದಲ್ಲಿ ಹೇಳುತ್ತೇನೆ, ಎಡಗೈಯವರು ದಿಕ್ಕು ಬದಲಿಸಿಕೊಳ್ಳಿ.

ಚೆಂಡು ನಿಮ್ಮ ಪಾದಕ್ಕಿಂತ ಎತ್ತರದಲ್ಲಿದ್ದರೆ ಅದು ಎಡಕ್ಕೆ ಹೋಗುತ್ತದೆ. ಕ್ಲಬ್ಬನ್ನು ಒಂದಿಂಚು ಕೆಳಗೆ ಹಿಡಿದು, ಮೈ ನೆಟ್ಟಗಿಟ್ಟು, ಗುರಿಗಿಂತ ಬಲಕ್ಕೆ ನೋಡಿ ಹೊಡೆಯಿರಿ. ಚೆಂಡು ಪಾದಕ್ಕಿಂತ ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ನಾಲ್ಕರಲ್ಲಿ ನನಗೆ ಹೆಚ್ಚು ಭಯ ಇದರದ್ದೇ. ಮೊಣಕಾಲು ಮಡಿಸಿ, ಗದ್ದೆಯಲ್ಲಿ ನಾಟಿಗೆ ಬಗ್ಗಿದ ಹಾಗೆ ಸೊಂಟದಿಂದ ಬಗ್ಗಬೇಕು, ಹೊಡೆತ ಮುಗಿಯುವವರೆಗೂ ಅದೇ ಮಟ್ಟದಲ್ಲಿ ಇರಬೇಕು. ಮಧ್ಯದಲ್ಲಿ ಎದ್ದಿರೋ, ಚೆಂಡಿನ ನೆತ್ತಿ ಸವರಿ ಹೋಗುತ್ತದೆ. ಗುರಿ ಎಡಕ್ಕೆ, ಬೀಸು ಮುಕ್ಕಾಲು.

ಏರಿನಲ್ಲಿ ನಿಂತು ಮೇಲಕ್ಕೆ ಹೊಡೆಯುವಾಗ ಭುಜಗಳನ್ನು ಇಳಿಜಾರಿನ ರೇಖೆಗೇ ಹೊಂದಿಸಿ. ಚೆಂಡು ಎತ್ತರಕ್ಕೆ ಏಳುತ್ತದೆ, ದೂರ ಹೋಗುವುದಿಲ್ಲ, ತುಸು ಎಡಕ್ಕೆ ವಾಲುತ್ತದೆ. 8ರ ಬದಲು ಹೆಚ್ಚು ದೂರ ಹೊಡೆಯುವ 6ನೇ ಐರನ್ ಹಿಡಿಯಿರಿ. ಇಳಿಜಾರಿನಲ್ಲಿ ಕೆಳಮುಖವಾಗಿ ನಿಂತಾಗ ಚೆಂಡು ತಗ್ಗಾಗಿ ಹಾರಿ, ಬಿದ್ದ ಮೇಲೂ ಓಡುತ್ತದೆ. ಮುಖದ ಓರೆ ಹೆಚ್ಚಿರುವ ಕ್ಲಬ್ ಆರಿಸಿ, ಚೆಂಡನ್ನು ಸ್ವಲ್ಪ ಹಿಂದಿನ ಕಾಲಿನ ಕಡೆ ಇಟ್ಟುಕೊಳ್ಳಿ, ಹೊಡೆದ ಮೇಲೆ ಕ್ಲಬ್ ಇಳಿಜಾರನ್ನು ಬೆನ್ನಟ್ಟಲಿ. ಬೇಕಿದ್ದರೆ ಒಂದು ಹೆಜ್ಜೆ ಮುಂದೆ ನಡೆದುಬಿಡಿ, ತಪ್ಪಿಲ್ಲ.

ಹೊಡೆಯುವ ಮೊದಲು ಚೆಂಡಿನಿಂದ ದೂರ, ಅದೇ ಓರೆಯಲ್ಲಿ ಎರಡು ಸಲ ಬರಿದೇ ಬೀಸಿ ನೋಡಿ. ಕ್ಲಬ್ ಹುಲ್ಲಿಗೆ ಎಲ್ಲಿ ತಾಗಿತೋ ಅಲ್ಲಿ ಚೆಂಡು ಇರಬೇಕು. ಒಂದು ವರ್ಷ ಕಳೆದ ಮೇಲೆ ನನಗೆ ಹೊಳೆದದ್ದು ಇಷ್ಟೇ.

ಬೇಲಿಯಾಚೆ ಹೋದದ್ದು, ತೋಡಿಗೆ ಬಿದ್ದದ್ದು

ತಿರುವಿರುವ ಹೋಲ್‌ನಲ್ಲಿ ಮೂಲೆಯ ಮರಗಳ ಮೇಲಿಂದ ಹಾರಿಸಿ ದಾರಿ ಉಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಮೈದಾನದ ಗಡಿ ತೋರಿಸುವ ಬಿಳಿ ಗೂಟ ಕಂಡರೆ ಆ ಆಸೆ ಬಿಡಿ. ಅದರಾಚೆ ಹೋದರೆ ಒಂದು ಹೊಡೆತದ ಪೆನಾಲ್ಟಿ, ಜೊತೆಗೆ ಹೊಡೆದ ಜಾಗಕ್ಕೇ ವಾಪಸ್ ಹೋಗಿ ಮತ್ತೆ ಹೊಡೆಯಬೇಕು. ಏರಿನಲ್ಲಿ ವಾಪಸ್ ನಡೆಯುವುದೇ ಅರ್ಧ ಶಿಕ್ಷೆ. ಅನುಮಾನವಿದ್ದರೆ ಅಲ್ಲೇ ‘ಪ್ರೊವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಜೊತೆಗಾರರಿಗೆ ಕೇಳುವಂತೆ ಹೇಳಿ ಇನ್ನೊಂದು ಚೆಂಡು ಹೊಡೆದಿಡಿ. ಬಾಯಿಬಿಟ್ಟು ಹೇಳದಿದ್ದರೆ ಆ ಎರಡನೆಯದೇ ನಿಮ್ಮ ಚೆಂಡಾಗಿಬಿಡುತ್ತದೆ. ಹುಡುಕಲು ಮೂರು ನಿಮಿಷ ಮಾತ್ರ, 2019ಕ್ಕೆ ಮೊದಲು ಐದಿತ್ತು. ಅದೇ ವರ್ಷ ಕ್ಲಬ್‌ಗಳಿಗೆ ಒಂದು ಸ್ಥಳೀಯ ನಿಯಮದ ಅವಕಾಶವೂ ಸಿಕ್ಕಿತು: ಎರಡು ಪೆನಾಲ್ಟಿ ಹಾಕಿಕೊಂಡು, ಚೆಂಡು ಕಳೆದ ಜಾಗದ ಹತ್ತಿರ ಫೇರ್‌ವೇ (ಹುಲ್ಲು ಕತ್ತರಿಸಿದ ಹಾದಿ) ಅಂಚಿಗೆ ಬಂದು ಆಡಬಹುದು. ನೀವು ಹೋದ ಕಡೆ ಅದು ಜಾರಿಯಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಚೆಂಡಿಗಾಗಿ ತೋಟಕ್ಕೆ ನುಗ್ಗಬೇಡಿ. ಕೊಯ್ಲಿನ ಕಾಲದಲ್ಲಿ ಅಲ್ಲಿ ಜನ ಕೆಲಸ ಮಾಡುತ್ತಿರುತ್ತಾರೆ. ದಕ್ಷಿಣ ಕೊಡಗಿನಲ್ಲಾದರೆ ಜನ ಇಲ್ಲದಾಗ ಯಾರಿರುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. ಗಾಲ್ಫ್ ನಿಯಮದಲ್ಲಿ ಅಪಾಯಕಾರಿ ಪ್ರಾಣಿಗಳ ಬಳಿ ಬಿದ್ದ ಚೆಂಡಿಗೆ ದಂಡವಿಲ್ಲದ ಪರಿಹಾರ ಇದೆ. ಉದಾಹರಣೆಗೆ ಕೊಟ್ಟಿರುವುದು ವಿಷದ ಹಾವು, ಕುಟುಕುವ ಜೇನು, ಮೊಸಳೆ ಜಾತಿ, ಕರಡಿ ಇತ್ಯಾದಿ. ಆನೆಯ ಹೆಸರಿಲ್ಲ. ಬರೆದವರು ಪಾಲಿಬೆಟ್ಟ ನೋಡಿರಲಿಕ್ಕಿಲ್ಲ. ಲದ್ದಿ ಬಿಸಿಯಾಗಿದ್ದರೆ ನಿಯಮ ಪುಸ್ತಕ ತೆರೆಯದೆ ವಾಪಸ್ ಬನ್ನಿ.

ತೋಡಿಗೆ ಕೆಂಪು ಗೂಟ ಇದ್ದರೆ ಪರವಾಗಿಲ್ಲ. ಒಂದು ಪೆನಾಲ್ಟಿ ತೆಗೆದುಕೊಂಡು, ಚೆಂಡು ಗಡಿ ದಾಟಿದ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಚೆಂಡು ಬೀಳಿಸಿ ಆಡಿ. ಸಮತಟ್ಟು ನೆಲ ಹುಡುಕಿಕೊಳ್ಳಲು ಇದೊಂದು ಅವಕಾಶ.

ಮಳೆಗಾಲ ಬಂತೆಂದರೆ ಮೈದಾನವೇ ಬೇರೆಯಾಗುತ್ತದೆ. ಬಿದ್ದ ಚೆಂಡು ಉರುಳುವುದಿಲ್ಲ, ಬಿದ್ದಲ್ಲೇ ಹೂತುಕೊಳ್ಳುತ್ತದೆ. ಹೂತ ಚೆಂಡನ್ನು ದಂಡವಿಲ್ಲದೆ ತೆಗೆದು, ಒರೆಸಿ, ಪಕ್ಕದಲ್ಲಿ ಒಂದು ಕ್ಲಬ್ ಉದ್ದದೊಳಗೆ ಬೀಳಿಸಬಹುದು. ಬಂಕರ್ ಎಂಬ ಮರಳುಗುಂಡಿಗೆ ಈ ಸವಲತ್ತಿಲ್ಲ. ನಿಂತ ನೀರಿಗೂ ಉಚಿತ ಪರಿಹಾರ ಇದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ಆಟ ನಿಲ್ಲಿಸಿ ಕಟ್ಟಡದೊಳಗೆ ಹೋಗಿ, ಮರದಡಿ ನಿಲ್ಲಬೇಡಿ. ನನ್ನ ಆಯ್ಕೆ ಕೇಳಿದರೆ ಹುತ್ತರಿ ಕಳೆದ ನಂತರದ ವಾರಗಳು: ಹುಲ್ಲು ಹಸಿರು, ನೆಲ ಗಟ್ಟಿ. ಹೂಮಳೆಯ ನಂತರ ಕಾಫಿ ಹೂಬಿಟ್ಟ ವಾರವೂ ಚೆನ್ನ, ಮಲ್ಲಿಗೆಯಂಥ ಘಮದಲ್ಲಿ ಪಟ್ (ಕುಳಿಗೆ ಉರುಳಿಸುವ ಹೊಡೆತ) ತಪ್ಪಿದರೂ ಬೇಸರವಾಗುವುದಿಲ್ಲ.

ಗ್ರೀನ್ ಮೇಲೆ

ಕುಳಿಯ ಅಗಲ ನಾಲ್ಕೂಕಾಲು ಇಂಚು, ಜಗತ್ತಿನ ಎಲ್ಲ ಕಡೆ ಅಷ್ಟೇ. ಅದು ಚಿಕ್ಕದಾಗಿ ಕಾಣುವುದು ನಮ್ಮ ಕಣ್ಣಿನ ತಪ್ಪು.

ಗುಡ್ಡದ ಗ್ರೀನ್ ಕಣ್ಣಿಗೆ ಸುಳ್ಳು ಹೇಳುತ್ತದೆ. ಹಿಂದಿರುವ ಬೆಟ್ಟದ ಓರೆಗೆ ಕಣ್ಣು ಒಗ್ಗಿಹೋಗಿ, ಓರೆ ನೆಲವೇ ಸಪಾಟು ಎನಿಸುತ್ತದೆ. ಅದಕ್ಕೆ ಗ್ರೀನ್ ಹತ್ತುವ ಮೊದಲು, ಇಪ್ಪತ್ತು ಹೆಜ್ಜೆ ದೂರದಿಂದಲೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರ ಮೇಲೆ ಒಂದು ಕೊಡ ನೀರು ಸುರಿದರೆ ಯಾವ ಕಡೆಗೆ ಇಳಿಯುತ್ತದೆ? ಹೆಚ್ಚಿನಂಶ ಕಣಿವೆಯ ಕಡೆಗೆ. ಆಮೇಲೆ ಚೆಂಡಿನಿಂದ ಕುಳಿಯವರೆಗೆ ಪಕ್ಕದಲ್ಲಿ ನಡೆಯಿರಿ, ಪಾದಕ್ಕೆ ಓರೆ ತಿಳಿಯುತ್ತದೆ. ಕಣ್ಣು ಮತ್ತು ಪಾದದ ನಡುವೆ ಜಗಳವಾದರೆ ಪಾದದ ಮಾತು ಕೇಳಿ. ಹುಲ್ಲು ಮಿರುಗುತ್ತಿದ್ದರೆ ಅದು ನಿಮ್ಮಿಂದಾಚೆ ಬಾಗಿದೆ, ಚೆಂಡು ಬೇಗ ಓಡುತ್ತದೆ. ಕಪ್ಪಾಗಿ ಕಂಡರೆ ಎದುರು ಬಾಗಿದೆ, ಇನ್ನಷ್ಟು ಒತ್ತಿ. ಬೆಳಗಿನ ಇಬ್ಬನಿಯಲ್ಲಿ ಎಲ್ಲವೂ ನಿಧಾನ. ಹಿಂದೆ ಆಡಿದವರ ಚೆಂಡಿನ ಜಾಡು ಇಬ್ಬನಿಯ ಮೇಲೆ ಗೆರೆ ಎಳೆದ ಹಾಗೆ ಉಳಿದಿರುತ್ತದೆ, ಓದಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಕೆಳಗಿನಿಂದ ಮೇಲಕ್ಕೆ ಹೊಡೆಯುವ ಹತ್ತಡಿ ಪಟ್, ಮೇಲಿನಿಂದ ಕೆಳಕ್ಕೆ ಹೊಡೆಯುವ ನಾಲ್ಕಡಿಗಿಂತ ನಿಶ್ಚಿಂತೆ. ಆದ್ದರಿಂದ ಗ್ರೀನಿಗೆ ಹೊಡೆಯುವಾಗಲೇ ಕುಳಿಯ ಕೆಳಗಡೆ ಚೆಂಡು ಉಳಿಯುವಂತೆ ನೋಡಿಕೊಳ್ಳಿ.

ಅಂಕ ಬರೆಯಲು ಹೊಸಬರಿಗೆ ಸ್ಟೇಬಲ್‌ಫೋರ್ಡ್ ಪದ್ಧತಿ ಒಳ್ಳೆಯದು. ಫ್ರಾಂಕ್ ಸ್ಟೇಬಲ್‌ಫೋರ್ಡ್ ಎಂಬ ಬ್ರಿಟಿಷ್ ವೈದ್ಯರು ರೂಪಿಸಿದ್ದು. ಬೋಗಿಗೆ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಒಂದು ಅಂಕ, ಪಾರ್‌ಗೆ ಎರಡು, ಬರ್ಡಿಗೆ (ಒಂದು ಕಡಿಮೆ) ಮೂರು. ಬೋಗಿಗಿಂತ ಕೆಟ್ಟರೆ ಸೊನ್ನೆ, ಚೆಂಡೆತ್ತಿಕೊಂಡು ಮುಂದಿನ ಟೀಗೆ ನಡೆಯುವುದು. ಒಂದು ಹೋಲ್‌ನಲ್ಲಿ ಹನ್ನೊಂದು ಹೊಡೆದ ಪಾಪ ಇಡೀ ಬೆಳಗನ್ನು ಕೆಡಿಸುವುದಿಲ್ಲ, ಹಿಂದಿನ ತಂಡವೂ ಶಾಪ ಹಾಕುವುದಿಲ್ಲ. ಆಟಗಾರರ ಮಟ್ಟ ನೋಡಿ ಕೊಡುವ ರಿಯಾಯಿತಿಗೆ ಹ್ಯಾಂಡಿಕ್ಯಾಪ್ ಎನ್ನುತ್ತಾರೆ, ಅದರ ಈಗಿನ ಮಿತಿ 54, ಎಂದರೆ 18 ಹೋಲ್‌ಗಳಲ್ಲಿ ಪ್ರತಿಯೊಂದಕ್ಕೂ ಮೂರು ಹೊಡೆತದ ರಿಯಾಯಿತಿ. ಒಂಬತ್ತೇ ಹೋಲ್ ಇರುವ ಕಡೆ ಎರಡು ಸುತ್ತು ಹಾಕಿದರೆ ಹದಿನೆಂಟಾಗುತ್ತದೆ. ಎರಡನೇ ಸುತ್ತಿನಲ್ಲಿ ಅದೇ ಓರೆಗಳು ಹಳೆಯ ನೆಂಟರ ಹಾಗೆ ಎದುರಾಗುತ್ತವೆ, ಯಾರು ಎತ್ತ ಎಳೆಯುತ್ತಾರೆ ಎಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಕಿತ್ತ ಹುಲ್ಲುಹೆಂಟೆಯನ್ನು ಜಾಗಕ್ಕೆ ಕೂರಿಸಿ, ಬಂಕರ್ ಮರಳು ಹರಗಿ, ಗ್ರೀನ್ ಮೇಲೆ ಚೆಂಡು ಬಿದ್ದು ಆದ ಗಾಯ ಸರಿಮಾಡಿ ಬನ್ನಿ. ಕೊನೆಗೆ ಟೋಪಿ ತೆಗೆದು ಜೊತೆಗಾರರ ಕೈ ಕುಲುಕಿ. ಇಷ್ಟಾದ ಮೇಲೆ, ಮಳೆಗಾಲವಾಗಿದ್ದರೆ, ಕಾರು ಹತ್ತುವ ಮೊದಲು ಶೂ ಬಿಚ್ಚಿ ಕಾಲುಚೀಲ ತಿರುವಿ ನೋಡಿ. ಜಿಗಣೆಗೆ ಉಪ್ಪಿನ ಪೊಟ್ಟಣವೊಂದು ಗಾಲ್ಫ್ ಚೀಲದ ಪಕ್ಕದ ಜೇಬಿನಲ್ಲಿ, ಚೆಂಡು ಕೂರಿಸುವ ಟೀ ಕಡ್ಡಿಗಳ ಜೊತೆಗೇ ಇರಲಿ.